ಇನ್ನಷ್ಟು ಆಳಕ್ಕೆ

ಗಂಡ ಬಟ್ಟೆ ಮಡಿಸುತ್ತಿದ್ದ. ಅವಳಿಗೆ ಅನುಮಾನ ಶುರುವಾದದ್ದೇ ಅಲ್ಲಿಂದ. ಒಣಗಿದ ಬಟ್ಟೆಯನ್ನು ತಂತಿಯಿಂದ ಎಳೆದು ತಂದು ಕುರ್ಚಿಯ ಮೇಲೆ ಗುಡ್ಡೆ ಹಾಕಿದರೆ ತನ್ನ ಪಾಲಿನ ಸಂಸಾರ ಮುಗಿಯಿತು ಅಂದುಕೊಂಡಿದ್ದ ಮನುಷ್ಯ ಈಗ ಮಂಚದ ತುದಿಯಲ್ಲಿ ಕೂತು ಅವಳ ಬಿಳಿ ಕೋಟಿನ ತೋಳುಗಳನ್ನು ಒಳಕ್ಕೆ ಮಡಚಿ, ಅಂಗೈಯಿಂದ ತೀಡಿ, ಕಾಲರು ಮೇಲೆ ಬರುವ ಹಾಗೆ ಒಂದರ ಮೇಲೊಂದು ಇಡುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇನ್ನೊಂದು ಕೋಟು ಎತ್ತಿಕೊಂಡ. ಕಾರು ಕಲಿಸುವುದು ಅವನ ಉದ್ಯೋಗ. ಕಲಿಯುವವರ ಪಕ್ಕದ ಸೀಟಿನಲ್ಲಿ ದಿನವಿಡೀ ಕೂತಿರುತ್ತಾನೆ. ಆ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದೆ. ಅದನ್ನು ಒತ್ತಿ ಒತ್ತಿ ಈಗ ಮನೆಯಲ್ಲೂ ಯಾರಾದರೂ ತಟ್ಟನೆ ಏನಾದರೂ ಕೇಳಿದರೆ ಅವನ ಬಲಗಾಲು ತಾನಾಗಿಯೇ ನೆಲ ಒತ್ತುತ್ತದೆ. ನಿನ್ನೆ ಸಂಜೆ ಬಾಲ್ಕನಿಯಲ್ಲಿ ದನಿ ತಗ್ಗಿಸಿ ಫೋನಿನಲ್ಲಿ ಮಾತಾಡುತ್ತಿದ್ದ. “ಇಲ್ಲ, ಅವಳಿಗಿನ್ನೂ ಹೇಳಿಲ್ಲ, ಸಮಯ ನೋಡಿಕೊಂಡು ಹೇಳ್ತೀನಿ” ಅಂದದ್ದು ಅವಳ ಕಿವಿಗೆ ಬಿದ್ದಿತ್ತು. ಯಾರದು ಅಂತ ಕೇಳಿದ್ದಕ್ಕೆ ಯಾರೋ ಕಲಿಯೋಕೆ ಬರೋರು ಅಂದ. ಬಲಗಾಲು ನೆಲ ಒತ್ತಿತು.

ರಿಪೋರ್ಟು ಬಂತಾ ಅಂತ ಅವನು ಒಂದೇ ಸಲ ಕೇಳಿದ್ದು, ಆಮೇಲೆ ಸುಮ್ಮನಾಗಿಬಿಟ್ಟ. ಕೇಳದೆ ಇರುವವನಿಗೆ ಒಂದೋ ಅಕ್ಕರೆ ಇರುವುದಿಲ್ಲ, ಇಲ್ಲವೇ ಉತ್ತರ ಆಗಲೇ ಗೊತ್ತಿರುತ್ತದೆ. ಅಕ್ಕರೆ ಇಲ್ಲದವನು ಕೋಟು ಮಡಿಸುವುದಿಲ್ಲ. ಅಂದಮೇಲೆ ಗೊತ್ತಿದೆ. ಯಾರು ಹೇಳಿರಬಹುದು? ಆಸ್ಪತ್ರೆಯಲ್ಲಿ ಅವನ ನಂಬರು ಇರುವುದು ದೊಡ್ಡವರ, ಅಂದರೆ ಅವಳ ಲ್ಯಾಬಿನ ಹಿರಿಯ ಡಾಕ್ಟರ ಹತ್ತಿರ ಮಾತ್ರ. ಅವರೇ ಫೋನು ಮಾಡಿರಬೇಕು; ನೋಡಪ್ಪಾ, ಹೀಗಿದೆ ವಿಷಯ, ಅವಳಿಗೆ ನಾವು ನಿಧಾನಕ್ಕೆ ಹೇಳೋಣ ಅಂದಿರಬೇಕು. ಅವರು ಎಷ್ಟೋ ಜನರ ಗಂಡಂದಿರಿಗೆ ಹಾಗೆ ಹೇಳಿದ್ದನ್ನು ಅವಳೇ ಪಕ್ಕದಲ್ಲಿ ನಿಂತು ಕೇಳಿದ್ದಾಳೆ. ಅವಳು ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರ ಕೂತಳು. ಬೆಳಗ್ಗೆ ಅನ್ನುವುದು ಮೊದಲೆಲ್ಲ ಹೀಗಿರಲಿಲ್ಲ. ಎದ್ದದ್ದು, ಮಿಂದದ್ದು, ಡಬ್ಬಿ ಕಟ್ಟಿದ್ದು, ಬಸ್ಸಿಗೆ ಓಡಿದ್ದು ಎಲ್ಲ ಒಂದಕ್ಕೊಂದು ಅಂಟಿಕೊಂಡು, ನಡುವೆ ಉಸಿರಿಗೂ ಜಾಗವಿಲ್ಲದ ಹಾಗೆ ಮುಗಿದುಹೋಗುತ್ತಿತ್ತು. ಬಚ್ಚಲಲ್ಲಿ ಸೋಪು ಹಚ್ಚುವಾಗ ಎದೆಯ ಪಕ್ಕದಲ್ಲಿ ಬೆರಳಿಗೆ ಗಂಟು ಸಿಕ್ಕಿದ ದಿನದಿಂದ, ಅದರಲ್ಲೂ ಸರ್ಜನ್ನು ಸೂಜಿ ಹಾಕಿ ತುಣುಕು ತೆಗೆದ ದಿನದಿಂದ, ಬೆಳಗ್ಗೆ ಎಂಬುದು ಹೇಳದೆ ಕೇಳದೆ ಬಂದು ಸೋಫಾದಲ್ಲಿ ಕೂತ ನೆಂಟನ ಹಾಗಾಗಿತ್ತು. ಮಾತಿಲ್ಲ ಕತೆಯಿಲ್ಲ, ಏಳುವ ಲಕ್ಷಣವೂ ಇಲ್ಲ. ಕಾಫಿ ಕುಡಿದು ಮುಗಿದರೂ ಅವನು ಇನ್ನೂ ಅದೇ ಕೋಟನ್ನು ಮಡಿಸುತ್ತಿದ್ದ.

ಆಸ್ಪತ್ರೆಯ ಹಿಂಭಾಗದಲ್ಲಿ, ಲಿಫ್ಟಿನ ಸದ್ದು ಗೋಡೆಯೊಳಗೆ ಕೇಳುವ ಜಾಗದಲ್ಲಿ ಅವಳ ಲ್ಯಾಬು. ಮೇಲೆ ಮಲಗಿದ ಮನುಷ್ಯರು ಇಲ್ಲಿಗೆ ತುಣುಕುಗಳಾಗಿ ಸೀಸೆಯಲ್ಲಿ ಇಳಿದು ಬರುತ್ತಾರೆ, ಒಂದು ಹಾಳೆಯಾಗಿ ಮೇಲೆ ಹೋಗುತ್ತಾರೆ. ನಡುವೆ ಆಗುವುದಕ್ಕೆಲ್ಲ ಅದರದ್ದೇ ಹೊತ್ತು ಬೇಕು. ತುಣುಕು ಫಾರ್ಮಲಿನ್ನಿನಲ್ಲಿ ನೆನೆಯಬೇಕು, ಒಂದು ರಾತ್ರಿ ಯಂತ್ರದೊಳಗೆ ಕಳೆಯಬೇಕು, ಮೇಣದಲ್ಲಿ ಕೂತು ಗಟ್ಟಿಯಾಗಬೇಕು, ಕೂದಲಿಗಿಂತ ತೆಳ್ಳಗೆ ಹೆರೆಸಿಕೊಂಡು ಗಾಜಿಗೆ ಅಂಟಬೇಕು, ಗುಲಾಬಿ ನೇರಳೆ ಬಣ್ಣ ಹಚ್ಚಿಸಿಕೊಳ್ಳಬೇಕು. ಅದಕ್ಕೇ ಹೊರಗಿನ ಬೆಂಚಿನಲ್ಲಿ ಕೂತವರಿಗೆ ನಾಳೆ ಬನ್ನಿ ಅನ್ನುವುದು. ಅದು ಸುಳ್ಳಲ್ಲ. ಆದರೆ ಅವಳು ಆ ಮಾತನ್ನು ಬೇರೆ ದಿನಗಳಲ್ಲೂ ಬಳಸಿದ್ದಳು. ತಲೆನೋವು ಬಂದ ದಿನ, ಮದುವೆಗೆ ಹೊರಟ ದಿನ, ಸುಮ್ಮನೆ ಬೇಜಾರಾದ ದಿನ. ಒಬ್ಬ ಬರುತ್ತಿದ್ದ, ಹೆಲ್ಮೆಟ್ಟನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂರುತ್ತಿದ್ದ, ಯಾರು ಬಾಗಿಲು ತೆಗೆದರೂ ಎದ್ದು ನಿಲ್ಲುತ್ತಿದ್ದ. ಅವನ ಹೆಂಡತಿಯ ಗಾಜು ಅವಳ ಮೇಜಿನ ಮೇಲೆ ತಯಾರಾಗಿ ಕೂತಿತ್ತು. ಯಂತ್ರ ಕೆಟ್ಟಿದೆ, ನಾಳೆ ಬನ್ನಿ ಅಂತ ಕೌಂಟರಿನ ಹುಡುಗಿಯಿಂದ ಹೇಳಿಸಿ ಅವಳು ಪರದೆ ಕೊಳ್ಳಲು ಅಂಗಡಿಗೆ ಹೋಗಿದ್ದಳು. ಬೂದು ಬಣ್ಣದ ಪರದೆ. ಚೆನ್ನಾಗಿಯೇ ಇದೆ, ಇವತ್ತು ಬೆಳಗ್ಗೆ ಕಾಫಿ ಕುಡಿಯುವಾಗ ಅದನ್ನೇ ಸರಿಸಿ ಕೂತಿದ್ದಳು. ಆ ಮನುಷ್ಯನ ನಾಳೆಯೊಳಗೆ ಎಷ್ಟು ದೊಡ್ಡ ರಾತ್ರಿ ಇತ್ತು ಎಂದು ಆಗ ಯಾರಾದರೂ ಕೇಳಿದ್ದರೆ, ಎಲ್ಲರ ರಾತ್ರಿಯಷ್ಟೇ ಅನ್ನುತ್ತಿದ್ದಳು.

ಒಳಗೆ ಟೆಕ್ನಿಷಿಯನ್ ಕತ್ತರಿ, ತಲೆ ತಗ್ಗಿಸಿ ಮೇಣ ಹೆರೆಯುತ್ತಿದ್ದ. ಅವನಿಗೆ ಬೇರೆ ಹೆಸರಿದೆ, ಆದರೆ ಲ್ಯಾಬಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಹಾಗೆಯೇ. ಅವನ ಬ್ಲೇಡಿನಷ್ಟು ತೆಳ್ಳಗೆ ಹೆರೆಯುವ ಬ್ಲೇಡು ಸುತ್ತಮುತ್ತ ಇಲ್ಲ. ಅವನ ನಾಲಿಗೆಯೂ ಹಾಗೆಯೇ. ದಿನಾ ಅವಳು ಬಂದ ಕೂಡಲೇ, ಮೇಡಂ ಇವತ್ತು ಬಸ್ಸನ್ನ ನೀವೇ ತಳ್ಳಿಕೊಂಡು ಬಂದ್ರಾ ಅಂತಲೋ ಇನ್ನೇನೋ ಹೇಳಿ ನಗಿಸುವವನು, ಇವತ್ತು ನಮಸ್ಕಾರ ಮೇಡಂ ಅಂದ. ನಮಸ್ಕಾರ! ಅವಳು ಕೋಟು ಹಾಕಿಕೊಳ್ಳುತ್ತ, ತೀರಾ ಸಹಜವಾಗಿ ಎಂಬಂತೆ, ದೊಡ್ಡವರು ಇನ್ನೊಂದು ಸಲ ಕೇಳಿದ್ದರಲ್ಲ, ನನ್ನದು ಮತ್ತೆ ಕತ್ತರಿಸಿ ಕೊಟ್ಟಿರಾ ಅಂತ ಕೇಳಿದಳು. ಮೊನ್ನೆಯೇ ಕೊಟ್ಟಿದ್ದೀನಿ, ದೊಡ್ಡವರ ಮೇಜಿನ ಮೇಲಿದೆ ಅಂದ. ಮೊನ್ನೆಯೇ! ಅವಳ ಲೆಕ್ಕದಲ್ಲಿ ಅದು ನಿನ್ನೆ ಸಂಜೆ ತಯಾರಾಗಬೇಕಿತ್ತು. ಹೇಗೆ ಬಂದಿದೆ ಅಂತ ಕೇಳಿದಳು. ಅವನು ಬ್ರಷ್ಷಿನಿಂದ ಮೇಣದ ಪುಡಿಯನ್ನು ಗುಡಿಸಿದ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ.

“ನನಗೇನು ಗೊತ್ತಾಗತ್ತೆ ಮೇಡಂ, ನಾನು ಕತ್ತರಿಸೋನು. ನೋಡೋರು ನೋಡಬೇಕು.”

ಹೇಳಿ, ಏನೋ ಹೆಚ್ಚಾಯಿತು ಎಂಬಂತೆ ನಾಲಿಗೆ ಕಚ್ಚಿಕೊಂಡ. ಇವನಿಗೂ ಗೊತ್ತು. ಇಷ್ಟು ವರ್ಷ ಗಾಜು ನೋಡಿದವನಿಗೆ ಗೊತ್ತಾಗದೆ ಇರುತ್ತದೆಯೇ.

ದೊಡ್ಡವರ ಕೋಣೆಯ ಬಾಗಿಲು ಮುಚ್ಚಿತ್ತು. ಅದೂ ಹೊಸದೇ. ಅವಳು ವಿದ್ಯಾರ್ಥಿನಿಯಾಗಿ ಬಂದ ಕಾಲದಿಂದ ಆ ಬಾಗಿಲು ಮುಚ್ಚಿದ್ದನ್ನು ಕಂಡವರಿರಲಿಲ್ಲ. ಯಾರು ಬೇಕಾದರೂ ನುಗ್ಗಿ, ಸರ್ ಇದೊಂದು ನೋಡಿ ಅಂತ ಗಾಜು ಚಾಚಬಹುದಿತ್ತು. ಅವರು ಒಂದು ಕಣ್ಣು ಹಾಕಿ, ಅತ್ತೆಮನೆಗೆ ಬಂದ ಹೆಣ್ಣನ್ನು ನೋಡಿದ ಹಾಗೆ ಹಿಂದೆ ಮುಂದೆ ತಿರುಗಿಸಿ, ಇವಳು ಒಳ್ಳೆಯವಳಲ್ಲ ಕಣಮ್ಮಾ ಅಂದರೆ ಅಲ್ಲಿಗೆ ಮುಗಿಯಿತು. ಈಗ ಕೆಲವು ತಿಂಗಳಿಂದ ಬಾಗಿಲು ಹಾಕಿಕೊಂಡು ಕೂರುತ್ತಾರೆ, ಹಗಲಲ್ಲೂ ಎರಡೆರಡು ಟೇಬಲ್ ಲ್ಯಾಂಪು. ಕಷ್ಟದ ಗಾಜುಗಳನ್ನೆಲ್ಲ ಅವಳಿಗೆ ಕಳಿಸಿ, ನಿನ್ನ ಅಭಿಪ್ರಾಯ ಹೇಳು, ನಾನು ಆಮೇಲೆ ನೋಡ್ತೀನಿ ಅನ್ನುತ್ತಾರೆ. ಅವರು ತನ್ನನ್ನು ತಮ್ಮ ಕುರ್ಚಿಗೆ ತಯಾರು ಮಾಡುತ್ತಿದ್ದಾರೆಂದು ಅವಳು ಒಳಗೊಳಗೇ ಹಿಗ್ಗಿದ್ದಳು. ಬಾಗಿಲು ತಟ್ಟಿ ಒಳಗೆ ಹೋದಾಗ ಅವರು ಕೈ ಜೋಡಿಸಿ ಸುಮ್ಮನೆ ಕೂತಿದ್ದರು. ಮೇಜಿನ ಮೇಲೆ ಅವಳ ಗಾಜುಗಳ ತಟ್ಟೆ, ಮುಟ್ಟಿದ್ದಾರೋ ಇಲ್ಲವೋ ಹೇಳುವಂತಿರಲಿಲ್ಲ. ಸರ್, ನನ್ನದು ನೋಡಿದಿರಾ ಅಂತ ಕೇಳಿದಳು. ಕೇಳುವಾಗ ತನ್ನ ಎರಡು ಕೈಗಳೂ ಹೊಟ್ಟೆಯ ಹತ್ತಿರ ಒಂದನ್ನೊಂದು ಹಿಡಿದುಕೊಂಡಿರುವುದು, ಬೆಂಚಿನವರು ಅವಳೆದುರು ನಿಂತ ಹಾಗೆಯೇ ತಾನು ನಿಂತಿರುವುದು ಗಮನಕ್ಕೆ ಬಂದು, ಕೈಗಳನ್ನು ಬಿಡಿಸಿ ಕೋಟಿನ ಜೇಬಿಗೆ ತುರುಕಿದಳು. ಅವರು ಅವಳ ಮುಖ ನೋಡಲಿಲ್ಲ. ಕಿವಿಯ ಪಕ್ಕದಲ್ಲಿ, ಗೋಡೆಯ ಕಡೆ ನೋಡುತ್ತ, ನೋಡ್ತಿದ್ದೀನಿ, ಇನ್ನಷ್ಟು ಆಳಕ್ಕೆ ಕತ್ತರಿಸೋಕೆ ಹೇಳಬೇಕು ಅಂತಿದ್ದೀನಿ ಅಂದರು. ಮತ್ತಾ ಅಂದಳು. ಅವಸರ ಬೇಡಮ್ಮಾ, ನಾಳೆ ನೋಡೋಣ ಅಂದರು.

ಇನ್ನಷ್ಟು ಆಳಕ್ಕೆ. ಆ ಮಾತಿನ ಅರ್ಥ ಅವಳಿಗೆ ಗೊತ್ತಿಲ್ಲದ್ದೇ? ಮೇಲ್ಪದರದಲ್ಲಿ ಏನೋ ಕಂಡಿದೆ, ಬರೆಯಲು ಕೈ ಬರುತ್ತಿಲ್ಲ ಎಂದು ಅರ್ಥ. ಕಣ್ಣಿಗೆ ಕಣ್ಣು ಕೊಡದೆ ಹೇಳಿದ ಮೇಲಂತೂ ಅರ್ಥ ಮಾಡಿಕೊಳ್ಳುವುದು ಏನೂ ಉಳಿಯಲಿಲ್ಲ. ಅವಳು ತನ್ನ ಮೇಜಿಗೆ ಬಂದು ಬೇರೆಯವರ ಗಾಜುಗಳನ್ನು ಇಟ್ಟುಕೊಂಡು ಕೂತಳು. ಯಾರದೋ ಕರುಳು, ಯಾರದೋ ಮಚ್ಚೆ. ಒಂದನ್ನು ನೋಡಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲಿನದು ಮರೆತುಹೋಗುತ್ತಿತ್ತು. ಗೋಡೆಯ ಗಡಿಯಾರ ನಿಂತಿದೆಯೇನೋ ಎಂದು ಕೈಗಡಿಯಾರ ನೋಡಿದಳು. ಅದೂ ಅದರ ಪಕ್ಷವನ್ನೇ ವಹಿಸಿತು. ಇದೇ ಲ್ಯಾಬಿನಲ್ಲಿ ಅವಳ ಇಡೀ ಯೌವನ ಒಂದು ಮಧ್ಯಾಹ್ನದ ಹಾಗೆ ಹೋಗಿಬಿಟ್ಟಿತ್ತಲ್ಲ. ಅಮ್ಮ ತೀರಿಕೊಂಡ ಕಾಲವಂತೂ ನೆನಪಿನಲ್ಲಿ ಅಂಗೈಯಷ್ಟೂ ಇಲ್ಲ. ಅವಳು ಆಗ ಕೊನೆಯ ಪರೀಕ್ಷೆಗೆ ಓದುತ್ತಿದ್ದಳು; ಅಮ್ಮನ ಮಂಚದ ಕಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಅಮ್ಮನಿಗೆ ಬಂದ ಕಾಯಿಲೆಯ ಅಧ್ಯಾಯವನ್ನೇ ಗೆರೆ ಎಳೆದುಕೊಂಡು ಓದಿದಳು. ಅಮ್ಮ ಆಗಾಗ, ಇನ್ನೂ ಬೆಳಗಾಗಿಲ್ವೇನೇ ಅಂತ ಕೇಳುತ್ತಿದ್ದಳು. ಹೊರಗೆ ಬಿಸಿಲು ಸುರಿಯುತ್ತಿರುತ್ತಿತ್ತು. ಆಯ್ತಮ್ಮಾ ಅಂದರೆ, ಇದು ನಿನ್ನೆಯ ಬೆಳಗು, ಇವತ್ತಿಂದು ಎಲ್ಲಿ ಅನ್ನುತ್ತಿದ್ದಳು. ಬುದ್ಧಿ ಅತ್ತಿತ್ತ ಆಗಿದೆ ಅಂದುಕೊಂಡು ಅವಳು ಹಾಳೆ ತಿರುಗಿಸುತ್ತಿದ್ದಳು. ಪರೀಕ್ಷೆಗೆ ಮುಂಚೆ ಮುಗಿದರೆ ಒಳ್ಳೆಯದು ಎಂದು ಒಂದು ಸಲ ಅನ್ನಿಸಿತ್ತು. ಒಂದು ಸಲವೇ? ಆ ಮಂಚದ ಮೇಲಿನ ಹೊತ್ತಿಗೂ ಮಂಚದ ಕೆಳಗಿನ ಹೊತ್ತಿಗೂ ನಡುವೆ ಇದ್ದದ್ದು ಬರೀ ಒಂದು ಹಾಸಿಗೆ. ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು ಎಂದು ತಿಳಿಯಲು ಅವಳಿಗೆ ಇಷ್ಟು ವರ್ಷ ಬೇಕಾಯಿತು.

ಊಟದ ಹೊತ್ತಿಗೆ ಗಂಡನ ಅಕ್ಕ ಫೋನು ಮಾಡಿದಳು. ಈ ಅತ್ತಿಗೆ ಯಾವತ್ತೂ ಕೆಲಸದ ಹೊತ್ತಿನಲ್ಲಿ ಫೋನು ಮಾಡಿದವಳಲ್ಲ. ಊಟ ಆಯ್ತೇನೇ, ಆರೋಗ್ಯವಾಗಿದ್ದೀಯಾ ಅಂತೆಲ್ಲ ಸುತ್ತಿ ಬಳಸಿ ಮಾತಾಡುವಾಗ ಅವಳು ತಡೆಯಲಾರದೆ, ಅತ್ತಿಗೆ, ನಿಮ್ಮ ತಮ್ಮ ನಿಮಗೆ ಏನು ಹೇಳಿದಾರೋ ಅದನ್ನು ನೇರವಾಗಿ ಹೇಳಿಬಿಡಿ ಅಂದಳು. ಅತ್ತಿಗೆ, ಹಾಗಾದರೆ ಅವನು ಇನ್ನೂ ಹೇಳಿಲ್ಲ ಅನ್ನು, ಹೇಡಿ ಅಂತ ತಮ್ಮನನ್ನು ಬೈದು, ನಾನು ಬಂದು ನಿಮ್ಮ ಮನೇಲಿ ಸ್ವಲ್ಪ ದಿನ ಇರ್ತೀನಿ ಕಣೇ, ಏನೇ ಬಂದರೂ ಮನೆಯಲ್ಲಿ ಇನ್ನೊಂದು ಜೀವ ಇರಲಿ ಅಂತ, ನೀನು ರೇಗ್ತೀಯ ಅಂತ ಅವನಿಗೆ ಹೆದರಿಕೆ ಅಂದಳು. ಅಷ್ಟೇನಾ ಅಂತ ಕೇಳಿದಳು. ಅಷ್ಟೇ, ಇನ್ನೇನು ಅಂದಳು ಅತ್ತಿಗೆ. ಬಾಲ್ಕನಿಯ ದನಿ, ಮಡಿಸಿದ ಕೋಟು, ನೆಲ ಒತ್ತಿದ ಕಾಲು ಎಲ್ಲವೂ ಕೈಯಿಂದ ಜಾರಿ ಬಿದ್ದಂತಾಯಿತು. ನಗು ಬಂತು. ಆದರೆ ಅನುಮಾನಕ್ಕೆ ಒಂದು ಮನೆ ಕೈಬಿಟ್ಟರೆ ಇನ್ನೊಂದು ಮನೆ ಸಿಗುತ್ತದೆ. ಫೋನು ಇಟ್ಟ ಮರುಗಳಿಗೆಯಲ್ಲೇ ಅವಳು, ಗಂಡನಿಗೂ ಹೇಳದಷ್ಟು ಕೆಟ್ಟದ್ದು ಏನನ್ನು ಕಂಡಿದ್ದಾರೆ ಈ ದೊಡ್ಡವರು ಎಂದು ಯೋಚಿಸುತ್ತಿದ್ದಳು.

ಅವರು ಊಟಕ್ಕೆ ಹೊರಟದ್ದು ಕಂಡಿತು. ಗೋಡೆಗೆ ಸಮೀಪವಾಗಿ, ಬೆರಳ ತುದಿ ಗೋಡೆಗೆ ತಾಕುವ ಹಾಗೆ ನಡೆಯುತ್ತಿದ್ದರು. ಯಾರೂ ಎದುರಾಗದಿರಲಿ ಎಂದು ನಡೆಯುವವರ ನಡಿಗೆ ಅನ್ನಿಸಿತು ಅವಳಿಗೆ. ಅವರು ತಿರುವಿನಲ್ಲಿ ಮರೆಯಾದ ಕೂಡಲೇ ಎದ್ದು ಅವರ ಕೋಣೆಗೆ ಹೋದಳು. ಕತ್ತರಿ ತಲೆಯೆತ್ತಿ ನೋಡಿದ, ಮತ್ತೆ ತಗ್ಗಿಸಿದ. ತಡೆಯಬಹುದಿತ್ತು, ತಡೆಯಲಿಲ್ಲ. ತನ್ನದೇ ಗಾಜನ್ನು ಕದಿಯುವವಳ ಹಾಗೆ ತಟ್ಟೆಯಿಂದ ಎತ್ತಿದಳು. ಬೆಳಕಿಗೆ ಹಿಡಿದಾಗ ಮೂರು ಪುಟ್ಟ ಗುಲಾಬಿ ದಾರಗಳು ಕಂಡವು. ಇಷ್ಟೇ ತಾನು. ಅಲ್ಲಿದ್ದದ್ದು ಇಬ್ಬರು ಎದುರುಬದುರು ಕೂತು ಒಂದೇ ಗಾಜನ್ನು ನೋಡಬಹುದಾದ ಹಳೆಯ ಮೈಕ್ರೋಸ್ಕೋಪು. ಅವಳು ಕೆಲಸ ಕಲಿತದ್ದೇ ಅದರ ಎದುರು ಬದಿಯಲ್ಲಿ ಕೂತು. ಗಾಜು ಇಟ್ಟು ದೀಪ ಹಾಕಿದಳು. ಹಾಲು ಹರಿಯುವ ಕೊಳವೆಗಳು, ಕೊಳವೆಯ ಗೋಡೆಗಳು, ಗೋಡೆಯೊಳಗೆ ಒತ್ತಾಗಿ ತುಂಬಿಕೊಂಡ ಜೀವಕೋಶಗಳು. ಒಳ್ಳೆಯವಲ್ಲ ಅವು. ಅಥವಾ ಸುಮ್ಮನೆ ಹೆಚ್ಚಾಗಿ ಬೆಳೆದ ಸಾಧುಗಳೇ? ಒಂದು ಕಡೆ ನೋಡಿದರೆ ಮುಗಿಯಿತು ಅನ್ನಿಸುತ್ತಿತ್ತು, ಗಾಜನ್ನು ಕೂದಲೆಳೆಯಷ್ಟು ಸರಿಸಿದರೆ ಏನೂ ಇಲ್ಲ ಅನ್ನಿಸುತ್ತಿತ್ತು. ಬೇರೆಯವರದಾದರೆ ಉಸಿರು ಬಿಡುವಷ್ಟರಲ್ಲಿ ಹೇಳುತ್ತಿದ್ದ ಕಣ್ಣು ಈಗ ಹೆದರಿದ ಸಾಕ್ಷಿಯ ಹಾಗೆ ಮಾತು ತಿರುಗಿಸುತ್ತಿತ್ತು. ಮತ್ತೆ ಮೊದಲಿಂದ ನೋಡಿದಳು. ಬೆಳಗಿನಿಂದ ಕಲ್ಲಿನ ಹಾಗೆ ಕೂತಿದ್ದ ಹೊತ್ತು ಅಲ್ಲಿ ಏನಾಯಿತೋ ಅವಳಿಗೆ ತಿಳಿಯಲಿಲ್ಲ. ಈಗ ತಾನೆ ಕೂತೆ ಅಂದುಕೊಂಡವಳು ತಲೆಯೆತ್ತಿದಾಗ ಕತ್ತು ಹಿಡಿದುಕೊಂಡಿತ್ತು, ಕಿಟಕಿಯ ಬಿಸಿಲು ಕಪಾಟಿನ ಮೇಲಕ್ಕೆ ಹತ್ತಿತ್ತು, ದೊಡ್ಡವರು ಬಾಗಿಲಲ್ಲಿ ನಿಂತಿದ್ದರು.

ಯಾರು ಅಂದರು ಅವರು. ನಾನೇ ಸರ್ ಅಂದಳು. ಗೊತ್ತಾಗಿಯೂ ಯಾರು ಅಂತ ಕೇಳುವುದು ಸಿಟ್ಟಿಗೆ ಎಂದು ತಿಳಿದು ಬೆನ್ನು ಗಟ್ಟಿ ಮಾಡಿಕೊಂಡಳು. ಅವರು ರೇಗಲಿಲ್ಲ. ನಿಧಾನಕ್ಕೆ ಬಂದು, ಕುರ್ಚಿಯ ಬೆನ್ನನ್ನು ಮುಟ್ಟಿ ನೋಡಿ, ಎದುರು ಬದಿಯಲ್ಲಿ ಕೂತರು. ನೋಡಿದೆಯಾ ಅಂತ ಕೇಳಿದರು. ಆ ಕೇಳುವಿಕೆಯಲ್ಲಿ ಏನೋ ಆಸೆ ಇತ್ತು, ಅದು ಅವಳನ್ನು ಚುಚ್ಚಿತು. ನೋಡಿದೆ, ನನಗೆ ಗೊತ್ತಾಗ್ತಿಲ್ಲ, ನೀವು ಹೇಳಿ ಅಂದಳು. ಅವರು ಕಣ್ಣನ್ನು ಮೈಕ್ರೋಸ್ಕೋಪಿಗೆ ಕೊಟ್ಟರು. ತುಂಬಾ ಹೊತ್ತು ನೋಡಿದರು. ಗಂಟಲು ಸರಿಮಾಡಿಕೊಂಡು, ಕಷ್ಟದ್ದು ಕಣಮ್ಮಾ, ಅನುಮಾನಕ್ಕೆ ಎಡೆ ಇದೆ, ಗೋಡೆಯ ಹತ್ತಿರ ಸ್ವಲ್ಪ ಯೋಚನೆ ಮಾಡಬೇಕು ಅಂದರು. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗರು ಹೇಳುವ ಹಾಗೆ, ಯಾವ ಗಾಜಿಗಾದರೂ ಹೊಂದುವ ಮಾತು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ಇಂಥ ಮಾತು ಅವಳು ಕೇಳಿರಲಿಲ್ಲ. ಮೈಕ್ರೋಸ್ಕೋಪಿನೊಳಗೆ ಹಸಿರು ಬೆಳಕಿನ ಪುಟ್ಟ ಬಾಣವೊಂದಿದೆ, ನೋಡಬೇಕಾದ ಜಾಗವನ್ನು ಎದುರಿನವರಿಗೆ ತೋರಿಸಲು. ಅದರ ಗುಂಡಿಯ ಮೇಲೆ ಅವಳ ಬೆರಳು ಇತ್ತು. ಯಾಕೆ ಹಾಗೆ ಮಾಡಿದಳೋ, ಸುಳ್ಳು ಹೇಳುತ್ತಿದ್ದಾರೆಂಬ ಸಿಟ್ಟಿಗೋ ಇನ್ನೇತಕ್ಕೋ, ಬಾಣವನ್ನು ಸರಿಸಿ ಸರಿಸಿ ಮಾಂಸದ ದಾರದಿಂದ ಹೊರಗೆ ತಂದು, ಏನೂ ಇಲ್ಲದ ಬಿಳಿಯ ಮೇಲೆ ನಿಲ್ಲಿಸಿದಳು.

“ಇಲ್ಲಿ ಸರ್, ಬಾಣದ ತುದಿಯಲ್ಲಿ. ಗೋಡೆ ದಾಟಿರೋದು ಇಲ್ಲೇ ಅಲ್ವಾ?”

“ಹೂಂ. ಅಲ್ಲೇ. ನನಗೂ ಅದೇ ಅನುಮಾನ ಇತ್ತು.”

ಇನ್ನೊಂದು ಕಡೆ, ಅದೂ ಬರಿ ಬಿಳಿ, ಬಾಣ ಇಟ್ಟು ಇಲ್ಲೂ ಅಂತ ಕೇಳಿದಳು. ಇಲ್ಲೂ ಅಂದರು ಅವರು, ಇನ್ನೂ ಖಚಿತವಾಗಿ.

“ಸರ್, ಅಲ್ಲಿ ಏನೂ ಇಲ್ಲ. ಅದು ಬರೀ ಗಾಜು.”

ಅವರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ಅಲ್ಲೇ, ಹಣೆಯನ್ನು ಅದಕ್ಕೆ ಆನಿಸಿಕೊಂಡು ಕೂತುಬಿಟ್ಟರು. ಗೆದ್ದ ಹಾಗೆ ಅವಳಿಗೆ ಅನ್ನಿಸಲಿಲ್ಲ. ಮುದುಕರೊಬ್ಬರು ಬಟ್ಟೆ ಬದಲಿಸುವಾಗ ಬಾಗಿಲು ತೆಗೆದವಳ ಹಾಗೆ, ಮುಖ ಬಿಸಿಯಾಯಿತು. ಆಮೇಲೆ ಅವರು ತಲೆಯೆತ್ತಿ ಹೇಳಿದರು, ಒಂದೊಂದಾಗಿ, ರೋಗಿಯ ಕತೆ ಹೇಳುವ ಡಾಕ್ಟರ ದನಿಯಲ್ಲೇ. ನಡುವೆ ಒಂದು ಮಸಿ ಕೂತಿದೆ, ಎರಡೂ ಕಣ್ಣಿಗೆ. ಅಂಚಿನಲ್ಲಿ ಎಲ್ಲ ಕಾಣುತ್ತದೆ, ಅವಳ ಕಿವಿ, ಕಿಟಕಿ, ಕಪಾಟು. ಮುಖ ನೋಡಲು ಹೋದರೆ ಮುಖದ ಜಾಗದಲ್ಲಿ ಮಸಿ. ಹೋದ ವರ್ಷವೇ ಶುರುವಾಗಿತ್ತು. ಸರಿಹೋಗುವುದಲ್ಲ. ಕತ್ತರಿಗೆ ಗೊತ್ತು, ಅವನು ಯಾರಿಗೂ ಹೇಳಿಲ್ಲ. ಕಷ್ಟದ್ದನ್ನೆಲ್ಲ ಅವಳಿಗೆ ಕಳಿಸಿದರು, ಸುಲಭದ್ದನ್ನು ಅಂಚಿನ ಕಣ್ಣಲ್ಲಿ, ಅಭ್ಯಾಸದ ಬಲದಲ್ಲಿ ದಾಟಿಸಿದರು. ಅವಳದ್ದು ಬಂದಾಗ ಮಾತ್ರ ದಾರಿ ಮುಚ್ಚಿಹೋಯಿತು. ಅವಳಿಗೇ ಕೊಡುವಂತಿಲ್ಲ, ಹೊರಗೆ ಕಳಿಸಿದರೆ, ನೀವಿದ್ದೂ ಯಾಕೆ ಎಂದು ಕೇಳುತ್ತಾರೆ.

“ಆಳಕ್ಕೆ ಕತ್ತರಿಸೋಕೆ ಹೇಳಿದ್ದು ಸುಮ್ಮನೆ ದಿನ ತಳ್ಳೋಕೆ ಕಣಮ್ಮಾ. ನೀನೇ ಒಂದು ದಿನ ತಡೆಯಲಾರದೆ ಬಂದು ನೋಡಿಬಿಡ್ತೀಯ ಅಂತ ಕಾಯ್ತಿದ್ದೆ.”

ಅವಳು ಮೈಯೆಲ್ಲ ಕಿವಿಯಾಗಿ ಕಾದ ದಿನಗಳು, ಗಂಡನ ಕಾಲು ನೋಡಿ ಅಳೆದ ದಿನಗಳು, ಎಲ್ಲವೂ ಈ ಮನುಷ್ಯನ ಗುಟ್ಟು ಕಾಯಲು ಖರ್ಚಾಗಿದ್ದವು. ಪರದೆ ಕೊಳ್ಳಲು ಹೋದದ್ದಕ್ಕಿಂತ ಇದು ದೊಡ್ಡದೇ? ಹೋಲಿಸಬಾರದೆಂದರೂ ಮನಸ್ಸು ಹೋಲಿಸಿತು. ಸಿಟ್ಟು ಬಂದು, ಬಂದ ಹಾಗೆಯೇ ಇನ್ನೇನೋ ಆಗಿ ನಿಂತಿತು. ಈ ಕೋಣೆಯಲ್ಲಿ ಈಗ ಕಣ್ಣಿದ್ದದ್ದು ಅವಳೊಬ್ಬಳಿಗೇ. ಹೇಳುವವರು ಬೇರೆ ಯಾರೋ ಇದ್ದಾರೆ, ಬಚ್ಚಿಟ್ಟುಕೊಂಡಿದ್ದಾರೆ ಎಂದು ಇಷ್ಟು ದಿನ ಎಲ್ಲರ ಮುಖ ಹುಡುಕಿದ್ದಳು. ಯಾರ ಹತ್ತಿರವೂ ಏನೂ ಇರಲಿಲ್ಲ. ಕುರ್ಚಿಯನ್ನು ಮುಂದೆ ಎಳೆದುಕೊಂಡು ಗಾಜನ್ನು ಮೊದಲ ತುದಿಗೆ ತಂದಳು. ನಾನು ನೋಡಿ ಓದ್ತೀನಿ, ನೀವು ಕೇಳಿ, ತಪ್ಪಿದರೆ ಹೇಳಿ ಅಂದಳು. ಆಮೇಲೆ ಯಾರದೋ ವಿಷಯ ಹೇಳುವ ಹಾಗೆ ಹೇಳತೊಡಗಿದಳು: ನಲವತ್ತು ದಾಟಿದ ಹೆಂಗಸು; ಮೂರು ತುಣುಕು; ಮೊದಲನೆಯದರಲ್ಲಿ ಕೊಬ್ಬು, ವಿಶೇಷ ಇಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು, ನಡುನಡುವೆ ಪ್ರಶ್ನೆ ಕೇಳಿದರು, ಕೋಶದ ಬೀಜ ಎಷ್ಟು ದೊಡ್ಡದು, ಬಣ್ಣ ಎಷ್ಟು ಗಾಢ, ನಡುವೆ ಸತ್ತ ಕೋಶಗಳಿವೆಯೇ ಅಂತ. ಪ್ರಶ್ನೆಗಳು ಹಳೆಯ ದೊಡ್ಡವರದ್ದೇ, ಹರಿತ ಕಡಿಮೆಯಾಗಿರಲಿಲ್ಲ. ಎರಡನೆಯ ತುಣುಕು ಮುಗಿಯುವ ಹೊತ್ತಿಗೆ ಅವಳ ಕಣ್ಣು ತನ್ನ ಹಳೆಯ ನಡಿಗೆಗೆ ಬಂದಿತ್ತು. ಮೂರನೆಯದರ ಕೊನೆಯಲ್ಲಿ ಒಂದು ಕೊಳವೆಯ ಪಕ್ಕ ನಿಂತಳು. ಗೋಡೆ ಅಲ್ಲಿ ಬಿರುಕು ಬಿಟ್ಟಿತ್ತು. ಬಿರುಕಿನಿಂದ ಹೊರಗೆ, ಸಾಲು ತಪ್ಪಿದ ಕೆಲವು ಕೋಶಗಳು, ದಾರಿ ಕೇಳಲು ನಿಂತವರ ಹಾಗೆ.

“ಕ್ಯಾನ್ಸರು ಸರ್. ಹೆಚ್ಚಿನದೆಲ್ಲ ಗೋಡೆಯೊಳಗೇ ಇದೆ. ಒಂದು ಕಡೆ ದಾಟಿದೆ.”

“ಒಂದೇ ಕಡೆಯಾ?”

“ಒಂದೇ ಕಡೆ. ಸಣ್ಣದು.”

“ಹಾಗಾದರೆ ಬೇಗ ಸಿಕ್ಕಿದೆ,” ಅಂದರು ಅವರು. ಕಣ್ಣು ಮುಚ್ಚಿಯೇ ಇದ್ದರು. “ಬೇಗ ಸಿಕ್ಕಿದೆ ಕಣಮ್ಮಾ.”

ವಿಚಿತ್ರವೆಂದರೆ ಅವಳಿಗೆ ಮೊದಲು ಅನ್ನಿಸಿದ್ದು ಹಸಿವು. ಬೆಳಗಿನಿಂದ ಕಾಫಿ ಬಿಟ್ಟರೆ ಏನೂ ತಿಂದಿರಲಿಲ್ಲ. ಇಷ್ಟು ದಿನ ಕೊನೆಯಿಲ್ಲದ ಒಂದೇ ಮುದ್ದೆಯಾಗಿದ್ದ ಹೊತ್ತು ಈಗ ತುಂಡು ತುಂಡಾಗಿ ಕಾಣುತ್ತಿತ್ತು: ಇವತ್ತು ಗಂಡನಿಗೆ ಹೇಳುವುದು, ನಾಳೆ ಈ ಗಾಜನ್ನು ಇನ್ನೊಂದು ಲ್ಯಾಬಿಗೆ ಕಳಿಸಿ ಖಚಿತ ಮಾಡಿಕೊಳ್ಳುವುದು, ಸರ್ಜನ್ನು, ಆಪರೇಷನ್ನು, ಆಮೇಲಿನದು. ಹೆದರಿಕೆ ಇತ್ತು. ಆದರೆ ಅದು ಈಗ ಒಂದು ಕುರ್ಚಿಯಲ್ಲಿ ಕೂತಿತ್ತು, ಮನೆಯೆಲ್ಲ ಓಡಾಡುತ್ತಿರಲಿಲ್ಲ. ಗಂಡನಿಗೆ ಫೋನು ಮಾಡಿ, ಬಂದು ಕರಕೊಂಡು ಹೋಗೋಕಾಗತ್ತಾ, ಹೇಳೋದಿದೆ ಅಂದಳು. ಅವನು ಏನು ಎತ್ತ ಕೇಳದೆ ಹೊರಟೆ ಅಂದ. ಈ ಸಲ ಅವನು ಕೇಳದಿದ್ದದ್ದರಲ್ಲಿ ಅವಳು ಏನನ್ನೂ ಹುಡುಕಲಿಲ್ಲ. ಹಾಗೆಯೇ ಅತ್ತಿಗೆ ಬರಲಿ ಬಿಡು ಅಂದಳು.

ಫೋನು ಇಟ್ಟ ಮೇಲೂ ದೊಡ್ಡವರು ಎದ್ದಿರಲಿಲ್ಲ. ಏನೋ ಹೇಳಲಿದ್ದಾರೆ ಎಂದು ಅವಳಿಗೆ ಗೊತ್ತಾಯಿತು, ಏನು ಎಂಬುದೂ ಗೊತ್ತಾಯಿತು. ನಿವೃತ್ತಿಗೆ ಇನ್ನು ಹೆಚ್ಚೇನೂ ಉಳಿದಿಲ್ಲ, ಮರ್ಯಾದೆಯಿಂದ ಹೋಗಿಬಿಡ್ತೀನಿ, ಅಲ್ಲಿಯವರೆಗೆ ಎಲ್ಲವನ್ನೂ ನೀನೇ ನೋಡು, ಸಹಿ ಮಾತ್ರ ನಾನು ಹಾಕ್ತೀನಿ, ಯಾರಿಗೂ ತೊಂದರೆ ಆಗಲ್ಲ ಅಂದರು. ಅವಳಿಗೆ ಕೆಲಸ ಕಲಿಸಿದವರು, ಅಮ್ಮ ಹೋದಾಗ ಪರೀಕ್ಷೆಗೆ ಕೂರಿಸಿದವರು, ತಮ್ಮ ಎರಡು ಕೈಗಳನ್ನೂ ಹೊಟ್ಟೆಯ ಹತ್ತಿರ ಹಿಡಿದುಕೊಂಡು ಅವಳ ಕಿವಿಯ ಕಡೆ ನೋಡುತ್ತಿದ್ದರು.

“ಸ್ವಲ್ಪ ಟೈಮು ಕೊಡಮ್ಮಾ. ಅಷ್ಟೇ ಕೇಳೋದು.”

ಅವಳಿಗೆ ಹೂಂ ಅನ್ನುವುದು ಸುಲಭವಿತ್ತು. ತನ್ನ ತಲೆಯ ಮೇಲೇ ಇಷ್ಟೊಂದು ಇರುವಾಗ ಇನ್ನೊಬ್ಬರ ಭಾರ ಯಾಕೆ ಎತ್ತಬೇಕು, ನಾಳೆ ನೋಡೋಣ ಸರ್ ಅಂದರೂ ಆಗುತ್ತಿತ್ತು. ಆದರೆ ಹೋದ ವರ್ಷದಿಂದ ಅವರು ಅಂಚಿನ ಕಣ್ಣಲ್ಲಿ ದಾಟಿಸಿದ ಗಾಜುಗಳು ಹಿಂದಿನ ಕೋಣೆಯ ಕಪಾಟುಗಳಲ್ಲಿ ಸಾಲಾಗಿ ನಿಂತಿದ್ದವು; ಯಾವುದರಲ್ಲಿ ಯಾರ ಗೋಡೆ ಬಿರುಕು ಬಿಟ್ಟಿದೆಯೋ, ಏನೂ ಇಲ್ಲವೆಂದು ಕೇಳಿ ಯಾರು ಮನೆಯಲ್ಲಿ ನೆಮ್ಮದಿಯಾಗಿ ಮಲಗಿದ್ದಾರೋ. ಅವರ ಹೊತ್ತು ಅವರಿಗೆ ಗೊತ್ತಿಲ್ಲದೆ ಓಡುತ್ತಿತ್ತು.

“ಆಗಲ್ಲ ಸರ್. ಇವತ್ತೇ ಹೇಳಬೇಕು. ನೀವು ಸಹಿ ಹಾಕಿದ್ದೆಲ್ಲ ತೆಗೆಸಿ ಮತ್ತೆ ನೋಡಬೇಕು. ನನ್ನ ಆಪರೇಷನ್ನಿಗೆ ಮುಂಚೆ ನನ್ನ ಕೈಲಿ ಎಷ್ಟಾಗತ್ತೋ ಅಷ್ಟು ನೋಡ್ತೀನಿ. ಉಳಿದಿದ್ದನ್ನ ಹೊರಗೆ ಕಳಿಸಲಿ.”

ಅವರು ಏನಾದರೂ ಅನ್ನಬಹುದೆಂದು ಕಾದಳು. ಕೃತಘ್ನೆ ಅನ್ನಬಹುದಿತ್ತು. ಅವರು ತಲೆಯಾಡಿಸಿದರು, ಬಹಳ ಹೊತ್ತಿನಿಂದ ಯಾರಾದರೂ ಹೀಗೆ ಹೇಳಲಿ ಎಂದಿದ್ದವರ ಹಾಗೆಯೋ, ಅಥವಾ ಬರೀ ಸುಸ್ತಿಗೋ, ಅವಳಿಗೆ ಹೇಳಲು ಬರುವಂತಿರಲಿಲ್ಲ. ಸೂಪರಿಂಟೆಂಡೆಂಟರ ಹತ್ತಿರ ನಾನೇ ಹೇಳ್ತೀನಿ, ನೀನು ಜೊತೆಗೆ ಬಾ ಅಂದರು. ಬರ್ತೀನಿ ಅಂದಳು. ಅವರು ಎದ್ದು ಮೈಕ್ರೋಸ್ಕೋಪಿನ ದೀಪ ಆರಿಸಿದರು, ಅವಳ ಗಾಜನ್ನು ಬೆರಳುಗಳಲ್ಲಿ ಎತ್ತಿ, ತಟ್ಟೆಯಲ್ಲಿ ಅದರ ಸಂದಿಗಾಗಿ ತಡಕಿದರು. ಗಾಜಿನ ಅಂಚು ಒಂದು ಕಡೆ ತಾಗಿತು, ಇನ್ನೊಂದು ಕಡೆ ತಾಗಿತು, ಒಳಗೆ ಹೋಗಲಿಲ್ಲ. ಎರಡನೆಯ ಕೈಯ ಹೆಬ್ಬೆರಳಿನಿಂದ ಸಂದಿಯನ್ನು ಹುಡುಕಿ, ಕಳೆದುಕೊಂಡು, ಮತ್ತೆ ಹುಡುಕಿದರು. ಅವಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಹಿಂದಕ್ಕೆ ಎಳೆದು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಳು. ಗಂಡ ಹೊರಗೆ ಬಂದು ಹಾರ್ನು ಮಾಡಿದ್ದು ಕೇಳಿಸಿತು. ಅವಳು ಕಿಟಕಿಯ ಕಡೆಗೂ ತಿರುಗದೆ, ಗಾಜು ತನ್ನ ಜಾಗದಲ್ಲಿ ಕೂರುವವರೆಗೆ, ಅವರ ಪಕ್ಕದಲ್ಲೇ ನಿಂತಿದ್ದಳು.